ಹದಿನಾಲ್ಕನೆಯ ಪೆಟ್ಟು

ಕೊರಳಿನ ಕೊಕ್ಕೆ ಸಿಗುತ್ತಿರಲಿಲ್ಲ. ನೀಲಿ ಮಖಮಲ್ಲಿನ ನಿಲುವಂಗಿ, ಬೆನ್ನ ತುಂಬ ಬೆಳ್ಳಿದಾರದ ನಕ್ಷತ್ರಗಳು, ಕೊರಳ ಬಳಿ ಒಂದೇ ಒಂದು ಹಿತ್ತಾಳೆಯ ಕೊಕ್ಕೆ. ಅದನ್ನು ಎದುರಿನ ಉಂಗುರಕ್ಕೆ ಸಿಕ್ಕಿಸಲು ಆಬ್ರಿ ಟಿಂಡಲ್ ಕನ್ನಡಿಯ ಮುಂದೆ ನಿಂತು ಒದ್ದಾಡುತ್ತಿದ್ದ. ಕಾಗದದ ಲೋಟದಲ್ಲಿ ಚಹ ಆರಿ ಮೇಲೆ ತೆಳ್ಳನೆಯ ಪೊರೆ ಕಟ್ಟಿತ್ತು. ಬೆರಳ ಗಿಣ್ಣುಗಳು ಹಸಿಶುಂಠಿಯ ಹಾಗೆ ಊದಿಕೊಂಡು, ಒಂದೊಂದು ಬೆರಳೂ ತನಗೆ ತೋಚಿದ ದಿಕ್ಕಿಗೆ ಮುಖ ಮಾಡಿತ್ತು. ಎಪ್ಪತ್ತಾರು ವರ್ಷದ ಮುದುಕನೊಬ್ಬ ನಕ್ಷತ್ರದ ಅಂಗಿ ತೊಟ್ಟು ನಿಂತರೆ ಹೇಗೆ ಕಾಣಬೇಕೋ ಕನ್ನಡಿಯಲ್ಲಿ ಹಾಗೆಯೇ ಕಾಣುತ್ತಿತ್ತು. ಮಕ್ಕಳ ಹುಟ್ಟುಹಬ್ಬಕ್ಕೆಂದು ಬಾಡಿಗೆಗೆ ಬಂದ ಗಾರುಡಿಗ, ಮಕ್ಕಳೆಲ್ಲ ಮಲಗಿದ ಮೇಲೂ ಜಾಗ ಬಿಡದೆ ನಿಂತವನು. ಕಿಟಕಿಯಾಚೆ ಬ್ರಿಡ್ಲಿಂಗ್ಟನ್ನಿನ ಕಡಲು ಪಾತ್ರೆ ತೊಳೆದ ನೀರಿನ ಬಣ್ಣದಲ್ಲಿ ಬಿದ್ದುಕೊಂಡಿತ್ತು. ಕೆಳಗೆ ದಂಡೆಯ ಹಾದಿಯಲ್ಲಿ ಜನ ಆಗಲೇ ಸಾಲುಗಟ್ಟಿದ್ದರು. ಕಛೇರಿ ಮಧ್ಯಾಹ್ನ ಎರಡೂವರೆಗೆ. ಒಂದು ಕಾಲಕ್ಕೆ ಇದೇ ಜನ ಹೊಲದ ಕೆಸರಿನಲ್ಲಿ ರಾತ್ರಿಯಿಡೀ ಕೂತು, ಬೆಳಗಿನ ಸೂರ್ಯ ಈ ಸಂಗೀತ ಕೇಳಿಯೇ ಎದ್ದನೆಂದು ನಂಬಿದವರು. ಈಗ ಅವರಿಗೆ ಸಂಜೆಯ ಬಸ್ಸು ತಪ್ಪಬಾರದು, ಊಟಕ್ಕೆ ಮೊದಲಿನ ಮಾತ್ರೆ ಊಟಕ್ಕೆ ಮೊದಲೇ ಆಗಬೇಕು, ಬಚ್ಚಲು ಕೂತ ಕುರ್ಚಿಯಿಂದ ದೂರ ಇರಬಾರದು. ಲೋಕವನ್ನೇ ಬುಡಮೇಲು ಮಾಡಹೊರಟವರೆಲ್ಲ ಕಡೆಗೆ ಬಂದು ಸೇರುವುದು ಬಚ್ಚಲಿನ ಹತ್ತಿರಕ್ಕೆ, ಎಂದುಕೊಂಡ ಆಬ್ರಿ. ಅವರನ್ನು ನೋಡಿ ಹೇಸಿಕೆ ಪಡುವುದು ಅವನಿಗೆ ಸುಲಭವಾಗಿತ್ತು. ಎಷ್ಟೋ ವರ್ಷಗಳಿಂದ ಆ ಹೇಸಿಕೆಯೇ ಅವನನ್ನು ವೇದಿಕೆಗೆ ಹತ್ತಿಸುತ್ತಿದ್ದದ್ದು. ಇವತ್ತು ಮಾತ್ರ ಅದರಿಂದ ಒಂದು ಕೊಕ್ಕೆ ಸಿಕ್ಕಿಸುವುದೂ ಆಗಲಿಲ್ಲ.

‘ಬಕಸಭೆ’ ಎಂದು ರಾಕ್ ತಂಡಕ್ಕೆ ಹೆಸರಿಟ್ಟವನು ಅವನೇ. ಸರ್ರಿ ಸೀಮೆಯ ಒಂದು ವಸತಿಶಾಲೆಯಲ್ಲಿ, ಪ್ರಾರ್ಥನೆಯ ಕೋಣೆಯ ಆರ್ಗನ್ನಿನ ಮೇಲೆ ಕದ್ದು ನುಡಿಸುತ್ತಿದ್ದ ನಾಲ್ಕು ಹುಡುಗರು. ಕೊರಳಿಗೆ ಟೈ, ತಲೆಯ ತುಂಬ ಗ್ರೀಕರ ಪುರಾಣ, ಒಬ್ಬ ಹೆಣ್ಣಿನ ಜೊತೆಯೂ ನೆಟ್ಟಗೆ ಮಾತಾಡಿ ಗೊತ್ತಿಲ್ಲದವರು. ಮೂರು ನಿಮಿಷದ ಪ್ರೇಮದ ಹಾಡು ಕಟ್ಟಲು ಪ್ರೇಮ ಗೊತ್ತಿರಬೇಕು. ಇಪ್ಪತ್ತೆರಡು ನಿಮಿಷದ ಹಾಡು ಕಟ್ಟಲು ಏನೂ ಗೊತ್ತಿರಬೇಕಾಗಿಲ್ಲ. ಹಾಗೆ ಹುಟ್ಟಿದ್ದು ‘ಉಪ್ಪಿನ ಗಡಿಯಾರ’, ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲನ್ನು ಪೂರ್ತಿ ನುಂಗಿದ ಹಾಡು. ಆ ಒಂದು ಹಾಡಿನ ಮೇಲೆ ಐವತ್ತು ಚಿಲ್ಲರೆ ವರ್ಷ ಹೊಟ್ಟೆ ಹೊರೆದಿದ್ದರು. ಅಷ್ಟರಲ್ಲಿ ಎಷ್ಟು ಜನ ಬಂದರೋ, ಎಷ್ಟು ಜನ ಹೋದರೋ. ಒಬ್ಬ ಪಾದ್ರಿಯಾದ. ಒಬ್ಬ ಕೋರ್ಟಿಗೆ ಹೋದ. ಮೂವರು ಸೇರಿ ಇದೇ ಹೆಸರಿನ ಇನ್ನೊಂದು ಬಕಸಭೆ ಕಟ್ಟಿಕೊಂಡು, ಯಾರೂ ಪರಿಶೀಲಿಸದ ದೇಶಗಳಲ್ಲಿ ಸುತ್ತಿ ಬಂದರು. ಹಾಡುಗಾರ ತೀರಿಹೋದ ಮೇಲೆ ಗ್ಯಾರೆತ್ ಎಂಬವನನ್ನು ತಂದರು. ಬಕಸಭೆಯನ್ನೇ ಅನುಕರಿಸಿ ಹೋಟೆಲುಗಳಲ್ಲಿ ಹಾಡುತ್ತಿದ್ದ ತಂಡವೊಂದರಲ್ಲಿ ಅವನು ಸಿಕ್ಕಿದ್ದ. ಸತ್ತ ಹಾಡುಗಾರನಿಗೆ ಪ್ಲೇಟು ಮುದ್ರಿಸಿದ ದಿನ ನೆಗಡಿಯಾಗಿತ್ತು. ಗ್ಯಾರೆತ್ ಆ ನೆಗಡಿಯನ್ನೂ ಬಿಡದೆ ಮೂಗಿನಲ್ಲೇ ಹಾಡುತ್ತಾನೆ. ಒಂದು ಸಲ ಹಾಳೂರಿನ ಯಾವುದೋ ಕಛೇರಿಯಲ್ಲಿ ಮರೆತು ಗಂಟಲು ಬಿಟ್ಟು ಸ್ವಚ್ಛವಾಗಿ ಹಾಡಿದ್ದಕ್ಕೆ ಅಭಿಮಾನಿಗಳು ದೂರು ಕೊಟ್ಟಿದ್ದರು. ಮೊದಲಿನ ನಾಲ್ವರಲ್ಲಿ ಉಳಿದವರು ಇಬ್ಬರೇ, ಕೀಲಿಮಣೆಯ ಆಬ್ರಿ ಮತ್ತು ತಂತಿವಾದ್ಯದ ಸೆಡ್ರಿಕ್.

ಆ ಸೆಡ್ರಿಕ್ ಬಾಗಿಲು ತಟ್ಟದೆ ಒಳಗೆ ಬಂದ. ಬೋಳುತಲೆ, ಎದೆಗೆ ತೂಗುಹಾಕಿದ ಕನ್ನಡಕ, ಕೈಯಲ್ಲಿ ಅರ್ಧ ತಿಂದ ಮಾಂಸದ ಕಡುಬು. ತಂಡದ ಹೆಸರು ಕಾನೂನಿನ ಪ್ರಕಾರ ಅವನದು.

“ಬಾ ಇಲ್ಲಿ, ಕತ್ತೆತ್ತು.”

“ನಾನೇ ಹಾಕ್ಕೋತೀನಿ ಬಿಡು.”

“ಹಾಕ್ಕೋತೀಯ, ಕ್ರಿಸ್ಮಸ್ ಹೊತ್ತಿಗೆ. ಎತ್ತೋ ಕತ್ತು.”

ಆಬ್ರಿ ಕತ್ತೆತ್ತಿದ. ಸೆಡ್ರಿಕ್ಕನ ಬೆರಳುಗಳಿಗೆ ಹಂದಿಕೊಬ್ಬಿನ ವಾಸನೆಯಿತ್ತು. ಕೊಕ್ಕೆ ಒಂದೇ ಸಲಕ್ಕೆ ಸಿಕ್ಕಿತು. ಶಾಲೆಗೆ ಹೊರಟ ಮಗುವಿಗೆ ಮಾಡುವಂತೆ ಸೆಡ್ರಿಕ್ ಅವನ ಎದೆಯ ಮೇಲಿನ ಧೂಳು ಕೊಡವಿ, ಕೈಯನ್ನು ಅಲ್ಲೇ ಇಟ್ಟುಕೊಂಡ.

“ಇವತ್ತು ನಿನ್ನ ತನಿ ಯಂತ್ರದಿಂದ ಬರತ್ತೆ.”

“ಏನಂದೆ?”

“ಎಪ್ಪತ್ನಾಲ್ಕರಲ್ಲಿ ಲೀಡ್ಸಿನಲ್ಲಿ ನುಡಿಸಿದ್ದೆಯಲ್ಲ, ಅದು. ಗ್ಲೆನಿಸ್ ಕೂತ್ಕೊಂಡು ನಿನ್ನ ಭಾಗ ಮಾತ್ರ ಬಿಡಿಸಿದಾಳೆ, ಮೀನಿನ ಮುಳ್ಳು ತೆಗೆದ ಹಾಗೆ. ನಿನ್ನದೇ ಕೈ ಕಣಯ್ಯ, ಯಾರದೋ ಕದ್ದಿದ್ದಲ್ಲ. ನೀನು ಸುಮ್ಮನೆ ಬೆರಳಾಡಿಸ್ತಾ ಇರು.”

“ನನಗೆ ಕೈ ಇದೆ.”

“ಇದೆ ಇದೆ. ಭಾನುವಾರ ಲಿಂಕನ್ನಿನಲ್ಲಿ ಎಲ್ಲರೂ ದರ್ಶನ ಮಾಡಿದ್ರಲ್ಲ.”

ಭಾನುವಾರ, ಅವನೊಬ್ಬನೇ ನುಡಿಸುವ ಆ ತನಿಯ ನಡುವೆ, ಉಂಗುರದ ಬೆರಳು ಮಡಚಿಕೊಂಡು ಹಾಗೇ ಕೂತುಬಿಟ್ಟಿತ್ತು. ಎಡಗೈಯಿಂದ ಅದನ್ನು ಹಿಡಿದು, ಸತ್ತ ಏಡಿಯ ಕಾಲು ಬಿಡಿಸಿದಂತೆ ಬಿಡಿಸಬೇಕಾಯಿತು. ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಈಗ ಲೋಕವೆಲ್ಲ ನೋಡಬಹುದಿತ್ತು.

“ಈ ಜನಕ್ಕೆ ಬೇಕಾದ್ದು ಪ್ಲೇಟಿನಲ್ಲಿರೋದು,” ಎಂದ ಸೆಡ್ರಿಕ್ ಕಡುಬು ಕಚ್ಚುತ್ತ. “ನೀನು ಚೆನ್ನಾಗಿ ನುಡಿಸಿದ್ರೂ ಬೇಡ, ಕೆಟ್ಟದಾಗಿ ನುಡಿಸಿದ್ರೂ ಬೇಡ, ಪ್ಲೇಟಿನ ಹಾಗೆ ನುಡಿಸ್ಬೇಕು. ಪ್ಲೇಟಿನ ಹಾಗೆ ನುಡಿಸೋದ್ರಲ್ಲಿ ಪ್ಲೇಟನ್ನ ಮೀರಿಸೋರು ಯಾರಪ್ಪ ಇದಾರೆ?”

“ನಾನು ಸತ್ತಮೇಲೆ ಹಾಕ್ಕೋ ನಿನ್ನ ಟೇಪು.”

“ಓಹೋ, ಏನು ಮಾತು. ನಿನ್ನ ಆ ಮರದ ಪೆಟ್ಟಿಗೆಯೊಳಗೆ ಇದ್ದದ್ದೇನು ಮತ್ತೆ? ಯಾರೋ ಪಿಟೀಲಿನವರ ಟೇಪು ಒತ್ತಿ ಒತ್ತಿ ಮನೆ ಕಟ್ಟಿಸಿದವನು ನೀನು. ಆ ಪಿಟೀಲಿನವರು ಒಬ್ಬರಾದ್ರೂ ಬದುಕಿದಾರಾ, ಕೇಳಿದೀಯಾ?” ಬಾಗಿಲ ಬಳಿ ಹೋಗಿ ತಿರುಗಿದ. “ಆಗಲ್ಲ ಅಂದ್ರೆ ಈಗಲೇ ಹೇಳು. ಗ್ಯಾರೆತ್ ಕಡೆಯವನೊಬ್ಬ ಇದಾನೆ, ಮೂವತ್ತು ವಯಸ್ಸು, ನಿನ್ನ ಥರಾನೇ ಕೂದಲು ಬಿಟ್ಟಿದಾನಂತೆ. ಅಂಗಿ ಅವನಿಗೂ ಆಗತ್ತೆ.”

ಆಗಲ್ಲ ಎನ್ನಲು ಆಬ್ರಿ ಬಾಯಿ ತೆರೆದ. ಬಾಯಿಂದ ಹೊರಟದ್ದು, “ಚಹ ಆರಿಹೋಗಿದೆ,” ಎಂಬ ಮಾತು. ಸೆಡ್ರಿಕ್ ಹೋದ ಮೇಲೆ ತಾನು ಹೇಳಬಹುದಾಗಿದ್ದ ಮಾತುಗಳೆಲ್ಲ ಒಂದೊಂದಾಗಿ, ಬಸ್ಸು ಹೋದ ಮೇಲೆ ಬರುವ ಪ್ರಯಾಣಿಕರ ಹಾಗೆ ಏದುಸಿರು ಬಿಡುತ್ತ ಬಂದವು. ಕೀಲಿಮಣೆಯಿದ್ದ ಆ ಪೆಟ್ಟಿಗೆಯ ಮಾತು ನಿಜವಾಗಿತ್ತು. ಅದರ ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪಿನ ಪಟ್ಟಿ, ಒಂದೊಂದು ಪಟ್ಟಿಯಲ್ಲೂ ಹೆಸರಿಲ್ಲದ ಪಿಟೀಲಿನವರ ಒಂದೊಂದು ಸ್ವರ. ಕೀಲಿ ಒತ್ತಿದರೆ ಪಟ್ಟಿ ಓಡುತ್ತದೆ, ಎಂಟು ಸೆಕೆಂಡಿಗೆ ಮುಗಿಯುತ್ತದೆ, ಅಷ್ಟರಲ್ಲಿ ಬೆರಳು ತೆಗೆಯಬೇಕು. ಒಂದು ಸಲ ಮಂಚೆಸ್ಟರಿನಲ್ಲಿ ನಿಜವಾದ ಪಿಟೀಲಿನ ಮುದುಕನೊಬ್ಬ ವೇದಿಕೆಯ ಹಿಂದೆ ಬಂದು, ಟೊಪ್ಪಿ ಕೈಯಲ್ಲಿ ಹಿಡಿದುಕೊಂಡು, “ಇದನ್ನ ನುಡಿಸೋದು ಅಂತೀರಾ ಮಗು, ಒತ್ತೋದು ಅಂತೀರಾ?” ಎಂದು ಕೇಳಿದ್ದ. ಇಪ್ಪತ್ತೆರಡು ವರ್ಷದ ಆಬ್ರಿ ಸಿಗರೇಟಿನ ಹೊಗೆಯನ್ನು ಅವನ ಮುಖದ ಪಕ್ಕಕ್ಕೆ ಬಿಟ್ಟು, “ಅಂತ್ಯಕ್ರಿಯೆ ಅಂತೀವಿ ತಾತ,” ಎಂದಿದ್ದ. ಎಲ್ಲರೂ ನಕ್ಕಿದ್ದರು. ಸೆಡ್ರಿಕ್ ಎಲ್ಲರಿಗಿಂತ ಜೋರಾಗಿ.

ವೇದಿಕೆಯಲ್ಲಿ ಗ್ಲೆನಿಸ್ ಮೊಣಕಾಲೂರಿ ತಂತಿಗಳಿಗೆ ಪಟ್ಟಿ ಅಂಟಿಸುತ್ತಿದ್ದಳು. ಧ್ವನಿಯ ಕೆಲಸದವಳು, ಈ ಕಡೆಯ ಹೆಂಗಸು, ಸಿಕ್ಕವರನ್ನೆಲ್ಲ ರಾಜಾ ಎಂದು ಕರೆಯುವವಳು.

“ಕಾಲೆತ್ತು ರಾಜಾ. ಹಾಂ. ಸೆಡ್ರಿಕ್ ಹೇಳಿದ್ರಾ?”

“ಹೇಳಿದ.”

“ಡ್ರಮ್ಮು ಶುರುವಾದ ಕೂಡ್ಲೇ ನಾನು ಯಂತ್ರ ಬಿಡ್ತೀನಿ. ಆಗಿಂದ ನಿನ್ನ ಮಣೆ ಮೂಕ. ಗಾಬರಿ ಆಗ್ಬೇಡ ಮತ್ತೆ.”

“ಸ್ವಲ್ಪವೂ ಕೇಳಿಸೋದಿಲ್ಲವಾ? ಮೆಲ್ಲಗೆ, ಅದರ ಅಡಿಯಲ್ಲಿ...”

“ಅದಕ್ಕೂ ಇದಕ್ಕೂ ಹೊಂದಲ್ಲ ರಾಜಾ. ಅವನು ಬಹಳ ಚುರುಕು,” ಎಂದಳು ಗ್ಲೆನಿಸ್. ಅವನು ಎಂದರೆ ಟೇಪಿನಲ್ಲಿರುವ ತಾನೇ ಎಂದು ತಿಳಿಯಲು ಆಬ್ರಿಗೆ ಒಂದು ಗಳಿಗೆ ಬೇಕಾಯಿತು.

ಗಾಳಿ ಬೇಕೆನಿಸಿ ಪಕ್ಕದ ಬಾಗಿಲಿನಿಂದ ಹೊರಗೆ ಹೋದ. ಅಲ್ಲಿ ಕಸದ ಡಬ್ಬಿಗಳ ಪಕ್ಕ ದಂಪತಿ ಕಾದು ನಿಂತಿದ್ದರು. ಗಂಡ ಉದ್ದನೆಯವನು, ಎದೆಯ ಮೇಲೆ ‘ಉಪ್ಪಿನ ಗಡಿಯಾರ’ದ ಚಿತ್ರವಿದ್ದ ಅಂಗಿ ಹೊಟ್ಟೆಗೆ ಸಾಲದೆ ಗಡಿಯಾರ ಅಡ್ಡಕ್ಕೆ ಹಿಗ್ಗಿತ್ತು. ಹೆಂಡತಿಯ ಕೈಯಲ್ಲಿ ಬಟ್ಟೆಯ ಚೀಲ, ಅದರಿಂದ ಎರಡು ಹೆಣಿಗೆಯ ಕಡ್ಡಿಗಳು ಹೊರಗಿಣುಕಿದ್ದವು. ಇವರನ್ನೂ ಆಬ್ರಿ ಬಲ್ಲ. ಇವರೇ ಅಲ್ಲ, ಇಂಥವರನ್ನು. ಗಂಡ ಕಣ್ಣು ಮುಚ್ಚಿ ಕೇಳುತ್ತಾನೆ, ಏಕೆಂದರೆ ಈ ಸಂಗೀತವನ್ನು ಕಣ್ಣು ಮುಚ್ಚಿಯೇ ಕೇಳಬೇಕೆಂದು ಇವರಲ್ಲಿ ಯಾರೋ ಯಾವಾಗಲೋ ವಿಧಿಸಿದ್ದಾರೆ. ಹೆಂಡತಿ ಪಕ್ಕದಲ್ಲಿ ಕೂತು ಹೆಣೆಯುತ್ತಾಳೆ. ಎಳೆಯ ವಯಸ್ಸಿನಲ್ಲಿ ಆಬ್ರಿ ಪತ್ರಿಕೆಯವರೊಂದಿಗೆ ಹೇಳಿಕೊಂಡು ನಗುತ್ತಿದ್ದ, ನಮ್ಮ ಸಂಗೀತದಿಂದ ಇಂಗ್ಲೆಂಡಿನ ಕಾಲುಚೀಲದ ಕೊರತೆ ನೀಗಿದೆ ಎಂದು.

“ಬಾಸಿಲ್ ಕ್ರಾಬ್‌ಟ್ರೀ, ಸರ್. ಭೂಗೋಳದ ಮೇಷ್ಟ್ರಾಗಿದ್ದೆ, ಈಗ ನಿವೃತ್ತಿ. ಇವಳು ಎಡ್ನಾ. ಸರ್, ಒಂದೇ ಮಾತು ಕೇಳ್ಬೇಕಿತ್ತು. ತನಿಯಲ್ಲಿ ಪ್ರತಿ ಸುತ್ತೂ ಹದಿನಾಲ್ಕು ಪೆಟ್ಟು, ಕೊನೆಯ ಸುತ್ತು ಮಾತ್ರ ಹದಿಮೂರು. ಚಾಂದ್ರಮಾನದ ತಿಂಗಳುಗಳು ಅಂತ ನೀವೇ ಹೇಳಿದ್ರಿ, ಎಪ್ಪತ್ತಮೂರರಲ್ಲಿ. ನಾನು ಅದನ್ನ ಮಕ್ಕಳಿಗೆ ಪಾಠದಲ್ಲೂ ಹೇಳ್ತಿದ್ದೆ, ಸರ್.”

“ಪಾಪ ಮಕ್ಕಳು,” ಎಂದಳು ಎಡ್ನಾ.

“ನೀನು ಸುಮ್ನಿರು. ಸರ್, ಆ ಹದಿಮೂರು ನಿಮಗೆ ಹೊಳೆದದ್ದು ಹೇಗೆ?”

“ಹೊಳೀತು,” ಎಂದ ಆಬ್ರಿ.

ಎಡ್ನಾ ಅವನ ಮುಖವನ್ನು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. “ಅಯ್ಯೋ, ನಿಮಗೂನಾ? ನಂದು ನೋಡಿ.” ಕೈಚೀಲ ಕಸದ ಡಬ್ಬಿಯ ಮೇಲಿಟ್ಟು ಎರಡು ಹಸ್ತಗಳನ್ನೂ ಮುಂದೆ ಹಿಡಿದಳು. ಅದೇ ಶುಂಠಿ. “ಬೆಳಿಗ್ಗೆ ಬಿಸಿ ಮೇಣದಲ್ಲಿ ಅದ್ದಿ ತೆಗೀತೀನಿ. ಆಮೇಲೆ ಹೆಣೀತಾ ಇದ್ರೆ ಗೊತ್ತೇ ಆಗಲ್ಲ. ನಿಲ್ಲಿಸಿದೆನೋ, ಮುಗೀತು.”

“ಎಡ್ನಾ, ಅವರು ಕಲಾವಿದರು.”

“ಕಲಾವಿದರಾದ್ರೆ ಗಿಣ್ಣು ಇರಲ್ವಾ?”

ಆಬ್ರಿ ಕೈಗಳನ್ನು ನಿಲುವಂಗಿಯ ತೋಳುಗಳೊಳಗೆ ಎಳೆದುಕೊಂಡ. ಹೊತ್ತಾಯಿತು ಎಂದು ಗೊಣಗಿ ಒಳಗೆ ಬಂದುಬಿಟ್ಟ. ಕತ್ತಲಿನ ಓಣಿಯಲ್ಲಿ ಅವನಿಗೆ ಸಿಟ್ಟು ಬಂತು, ಮೇಷ್ಟ್ರ ಮೇಲಲ್ಲ, ಆ ಹೆಂಗಸಿನ ಮೇಲೆ. ಹೊಳೀತಂತೆ. ಹೊಳೆದದ್ದು ಹದಿನಾಲ್ಕು. ತಂದೆಯ ಮನೆಯ ಹಳೆಯ ಪಿಯಾನೋದ ಮುಂದೆ, ಹೊಗೆ ಮುಸುಕಿದ ಒಂದು ಬೆಳಗ್ಗೆ, ಪ್ರತಿ ಸುತ್ತಿಗೂ ಹದಿನಾಲ್ಕು ಬಂದಿತ್ತು, ಕೊನೆಯದಕ್ಕೂ. ಹದಿಮೂರು ಪೆಟ್ಟು ಏರಿ ಏರಿ ಬಂದದ್ದು ಹದಿನಾಲ್ಕನೆಯದರಲ್ಲಿ, ಬಾಗಿಲು ತೆಗೆದವಳು ಪಕ್ಕಕ್ಕೆ ಸರಿದು ನಿಂತಂತೆ, ನಿಂತುಕೊಳ್ಳುತ್ತಿತ್ತು. ಮುದ್ರಣದ ದಿನ ಡ್ರಮ್ಮಿನ ನೊಯೆಲ್ ಕೊನೆಯ ಸುತ್ತಿನಲ್ಲಿ ಒಂದು ಪೆಟ್ಟು ನುಂಗಿದ. ಬಾಗಿಲಲ್ಲಿ ಆಬ್ರಿಯ ಹೆಂಡತಿ ಮೊರೀನ್ ಮೊಟ್ಟೆಯ ಸ್ಯಾಂಡ್‌ವಿಚ್ಚಿನ ತಟ್ಟೆ ಹಿಡಿದು ಬಂದದ್ದನ್ನು ನೋಡಿ ಅವನಿಗೆ ಹಸಿವಾಗಿತ್ತು, ಅಷ್ಟೇ. ಎಲ್ಲರೂ ದಡಬಡನೆ ಒಂದು ಪೆಟ್ಟು ಮೊದಲೇ ಬಂದು ಬಿದ್ದರು. ಇನ್ನೊಂದು ಸಲ ನುಡಿಸೋಣ ಎಂದು ಯಾರೂ ಹೇಳಲಿಲ್ಲ, ಆಬ್ರಿಯೂ ಹೇಳಲಿಲ್ಲ, ಅವನಿಗೂ ಹಸಿವಾಗಿತ್ತು. ಪ್ಲೇಟು ಬಂದ ಮೇಲೆ ದೊಡ್ಡ ಪತ್ರಿಕೆಯ ವಿಮರ್ಶಕನೊಬ್ಬ ಹೋಟೆಲಿನಲ್ಲಿ ಬಿಯರಿನ ಮುಂದೆ ಕೂತು, ಆ ಕೊನೆಯ ಹದಿಮೂರಿದೆಯಲ್ಲ, ಅದರ ರಹಸ್ಯವೇನು ಎಂದು ಕೇಳಿದ. ನೊಯೆಲ್ ತನ್ನ ಬೂಟು ನೋಡಿಕೊಂಡ. ಚಂದ್ರನ ತಿಂಗಳು ಎಂದು ಆಬ್ರಿಯ ಬಾಯಿ ಹೇಳಿತು. ಆಗ ಪಕ್ಕದಲ್ಲಿದ್ದ ಮೊರೀನ್, ಮದುವೆಯಾಗಿ ಇನ್ನೂ ವರ್ಷವಾಗದ ಹೆಂಡತಿ, ಮಡಿಲ ಮೇಲಿನ ಹೆಣಿಗೆ ಬಿಟ್ಟು ತಲೆಯೆತ್ತಿ, “ಅಲ್ವಲ್ಲ ಆಬ್ರಿ, ಮೆಟ್ಟಿಲಿಳೀವಾಗ ಕೊನೇದು ಇಲ್ಲದ ಹಾಗಾಗತ್ತಲ್ಲ ಅಲ್ಲಿ. ಮನೇಲಿ ನೀನು ನುಡಿಸಿದಾಗ ಹಾಗಿರ್ಲಿಲ್ಲ,” ಎಂದಳು. ಅವನು ವಿಮರ್ಶಕನ ಕಡೆಗೇ ನೋಡುತ್ತ ಹೇಳಿದ, “ನಮ್ಮ ಮೊರೀನ್‌ಗೆ ನಾಲ್ಕರ ಮೇಲೆ ಎಣಿಸೋಕೆ ಬರಲ್ಲ.” ಮೇಜೆಲ್ಲ ನಕ್ಕಿತು. ಅವಳೂ ನಕ್ಕಳು. ನಗುತ್ತಲೇ ಕಡ್ಡಿಗಳನ್ನು ಉಂಡೆಗೆ ಚುಚ್ಚಿ ಚೀಲದೊಳಗೆ ಇಟ್ಟಳು. ಆಮೇಲೆ ಎಷ್ಟೋ ವರ್ಷ ಅವನ ಜೊತೆಗಿದ್ದಳು, ಎಂದೂ ಅವನ ಸಂಗೀತದ ಬಗ್ಗೆ ಒಂದು ಮಾತಾಡಲಿಲ್ಲ. ಈಗ ಸ್ಪೇನಿನಲ್ಲಿ ಒಬ್ಬ ಹಲ್ಲಿನ ವೈದ್ಯನ ಜೊತೆ ಸುಖವಾಗಿದ್ದಾಳೆ. ಬಂದ ಬಂದ ಡ್ರಮ್ಮಿನವರಿಗೆಲ್ಲ ನೊಯೆಲ್‌ನ ಹಸಿವನ್ನು ಪಾಠ ಮಾಡಿ ಕಲಿಸಿದ್ದು ಆಬ್ರಿಯೇ. ಈಗಿನವನು ಸಂಗೀತ ಕಾಲೇಜಿನಲ್ಲಿ ಓದಿದವನು. ಹದಿನಾಲ್ಕನೆಯದನ್ನು ನುಂಗುವಾಗ ಅವನು ಭಕ್ತಿಯಿಂದ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಎರಡೂವರೆಗೆ ದೀಪಗಳು ಆರಿದವು. ಗಾಲಿಕುರ್ಚಿಗಳನ್ನು ಮುಂದಿನ ಸಾಲಿನ ಎರಡು ತುದಿಗೆ ನಿಲ್ಲಿಸಿದ್ದರು. ಗ್ಯಾರೆತ್ ಸತ್ತವನ ಮೂಗಿನಿಂದ ಹಾಡಿದ, ಸತ್ತವನ ಹಾಗೆ ಬಲಗೈ ಚಾಚಿದ. ಜನ ಹಾಡಿನ ಮೊದಲ ಸಾಲಿಗೇ ನಿಟ್ಟುಸಿರಿಟ್ಟು ಒಬ್ಬೊಬ್ಬರಾಗಿ ಕಣ್ಣು ಮುಚ್ಚಿದರು. ಮೂರನೆಯ ಸಾಲಿನಲ್ಲಿ ಬಾಸಿಲ್ ಕ್ರಾಬ್‌ಟ್ರೀ ಕೈಗಳನ್ನು ಮಡಿಲಲ್ಲಿ ಜೋಡಿಸಿಟ್ಟುಕೊಂಡಿದ್ದ, ಎಣಿಸಲು ಸಿದ್ಧನಾಗಿ. ಪಕ್ಕದಲ್ಲಿ ಎಡ್ನಾ ಏನನ್ನೋ ಹೆಣೆಯುತ್ತಿದ್ದಳು, ಕಂದುಬಣ್ಣದ ಅಂಗಿತೋಳಿನಂಥದ್ದು. ಆಬ್ರಿ ಹಾಡಿನ ಮೊದಲರ್ಧವನ್ನು ಎರಡೆರಡು ಬೆರಳಿನಲ್ಲಿ ದಾಟಿಸಿದ. ಆಮೇಲೆ ಸೆಡ್ರಿಕ್ ಅವನ ಕಡೆ ಹುಬ್ಬು ಹಾರಿಸಿ ಕತ್ತಲಿಗೆ ಸರಿದ, ಗ್ಯಾರೆತ್ ಸರಿದ, ಡ್ರಮ್ಮು ಶುರುವಾಯಿತು. ಬೆಳಕೆಲ್ಲ ಬಂದು ಆಬ್ರಿಯ ಮೇಲೆ ಬಿತ್ತು. ಅವನು ಮುಟ್ಟುವ ಮೊದಲೇ ತನಿ ಹೊರಟಿತು.

ಇಪ್ಪತ್ನಾಲ್ಕು ವರ್ಷದವನು ನುಡಿಸುತ್ತಿದ್ದ. ಎಷ್ಟು ಅವಸರ ಅವನಿಗೆ. ಪ್ರತಿ ಸ್ವರವನ್ನೂ ಇನ್ನೊಂದರ ಮೈಮೇಲೆ ಎಸೆಯುತ್ತಿದ್ದ, ಊಟ ಮುಗಿಸದೆ ಎದ್ದುಹೋಗುವ ಸಿರಿವಂತನ ಮಗನ ಹಾಗೆ. ನೋಡಿ, ನೋಡಿ, ನೋಡಿ ಎನ್ನುವುದನ್ನು ಬಿಟ್ಟು ಆ ಸ್ವರಗಳಲ್ಲಿ ಇನ್ನೇನೂ ಇರಲಿಲ್ಲ. ಮೂಕ ಮಣೆಯ ಮೇಲೆ ಬೆರಳಾಡಿಸುತ್ತ ಆಬ್ರಿಗೆ ಮೈಯೆಲ್ಲ ನಾಚಿಕೆಯ ಬೆವರು ಹರಿಯಿತು. ನಾಲ್ಕನೆಯ ಸುತ್ತಿಗೆ ತಡೆಯಲಾರದೆ ಕೈ ತೆಗೆದುಬಿಟ್ಟ. ತೆಗೆದು ಸುಮ್ಮನಿರಲಿಲ್ಲ, ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ಹಿಡಿದ. ಅಂಗಿಯ ತೋಳುಗಳು ಮೊಣಕೈವರೆಗೆ ಜಾರಿದವು. ಬೆಳಕಿನಲ್ಲಿ ಅವನ ಹತ್ತು ಬೆರಳುಗಳು ಬೇರುಗಳ ಹಾಗೆ ನಿಂತವು, ಕೆಳಗೆ ಸಂಗೀತ ತನ್ನಷ್ಟಕ್ಕೆ ಸುರಿಯುತ್ತಿತ್ತು. ನೋಡಲಿ. ಈಗ ಕೂಗಲಿ, ಮೋಸ ಎನ್ನಲಿ, ಕಾಗದದ ಲೋಟ ಎಸೆಯಲಿ. ಕೂದಲು ಬಿಟ್ಟವನನ್ನು ಸೆಡ್ರಿಕ್ ನಾಳೆಯೇ ಕರೆಸಿಕೊಳ್ಳಲಿ. ಐದನೆಯ ಸುತ್ತು ಹೋಯಿತು, ಆರನೆಯದು ಹೋಯಿತು. ಏನೂ ಆಗಲಿಲ್ಲ. ಸಾಲು ಸಾಲು ಮುಖಗಳು ಕಣ್ಣು ಮುಚ್ಚಿಕೊಂಡು, ಮೇಲಕ್ಕೆ ತಿರುಗಿ ಮಂದಹಾಸ ಬೀರುತ್ತಿದ್ದವು. ಮಡಿಲುಗಳಲ್ಲಿ ಬೆರಳುಗಳು ಎಣಿಸುತ್ತಿದ್ದವು. ಅವನು ಅಲ್ಲೇ ಸತ್ತು ಬಿದ್ದಿದ್ದರೂ ಅವರಿಗೆ ತಿಳಿಯುತ್ತಿದ್ದದ್ದು ದೀಪ ಹತ್ತಿದ ಮೇಲೆ. ಕತ್ತಲಿನಿಂದ ಸೆಡ್ರಿಕ್ ಹಲ್ಲು ಕಚ್ಚಿ, “ಇಳಿಸೋ, ಮುದಿಯ,” ಎಂದದ್ದು ಕೇಳಿಸಿತು.

ಆಗ ಅವನು ಎಡ್ನಾಳ ಕಣ್ಣುಗಳನ್ನು ಕಂಡ. ತೆರೆದಿದ್ದ ಎರಡೇ ಕಣ್ಣುಗಳು. ಅವಳ ಕಡ್ಡಿಗಳು ನಿಂತಿದ್ದವು. ಅವಳು ಅವನ ಕೈಗಳನ್ನು ನೋಡಿದಳು, ಮಣೆಯನ್ನು ನೋಡಿದಳು, ಪಕ್ಕದಲ್ಲಿ ತನ್ಮಯನಾಗಿದ್ದ ಗಂಡನನ್ನು ಒಮ್ಮೆ ನೋಡಿದಳು. ಎಲ್ಲ ಅರ್ಥವಾಯಿತೆಂಬುದು ಅವಳ ಮುಖದಲ್ಲಿತ್ತು; ಬೆರಗಾಗಲಿ ಮರುಕವಾಗಲಿ ಇರಲಿಲ್ಲ. ಕೆಲಸ ಬಿಟ್ಟು ಬೀದಿ ನೋಡುತ್ತ ನಿಂತವರಿಗೆ ನೆರೆಮನೆಯವರು ಮಾಡುವ ಹಾಗೆ, ಗದ್ದವನ್ನು ಸ್ವಲ್ಪ ಮಣೆಯ ಕಡೆಗೆ ಆಡಿಸಿದಳು. ಆಬ್ರಿಗೆ ಮತ್ತೆ ಸಿಟ್ಟು ಬಂತು. ಯಾರಿವಳು ನನಗೆ ಹೇಳಲು, ಕಾಲುಚೀಲದವಳು. ಆ ಸಿಟ್ಟಿನಲ್ಲೇ ಕೈಗಳು ಇಳಿದವು. ಇಳಿದು, ಬೆರಳಾಡಿಸುವ ಬದಲು, ನುಡಿಸತೊಡಗಿದವು.

ಮೂಕ ಮಣೆಯಿಂದ ಉಗುರಿನ ಟಕಟಕ ಮಾತ್ರ ಬರುತ್ತಿತ್ತು. ಉಂಗುರದ ಬೆರಳು ಮುಂದಿನ ಸುತ್ತಿಗೇ ಮಡಚಿಕೊಂಡಿತು. ಅದನ್ನು ಬಿಟ್ಟು, ಅಂಗೈಯ ಅಂಚಿನಿಂದ ಒತ್ತಿದ. ಮೂರರಲ್ಲೊಂದು ಸ್ವರ ತಪ್ಪಿತು. ಮೇಲೆ ಆ ಹುಡುಗ ಹಾರಾಡಿಕೊಂಡು ಹೋಗುತ್ತಿದ್ದ, ಕೆಳಗೆ ಇವನು ಕುಂಟುತ್ತ, ಎಡವುತ್ತ, ಆದರೆ ಒಂದು ಪೆಟ್ಟನ್ನೂ ಬಿಡದೆ ಹಿಂದೆ ನಡೆದ. ನೋವು ಮೊಣಕೈ ದಾಟಿ ಭುಜಕ್ಕೆ ಬಂತು. ಎಡ್ನಾ ನೋಡುತ್ತಲೇ ಇದ್ದಳು. ಕೊನೆಯ ಸುತ್ತು ಬಂತು. ಡ್ರಮ್ಮಿನವನು ಭಕ್ತಿಯಿಂದ ಕಣ್ಣು ಮುಚ್ಚಿದ. ಹತ್ತು, ಹನ್ನೊಂದು, ಹನ್ನೆರಡು. ಹದಿಮೂರಕ್ಕೆ ಯಂತ್ರ, ಡ್ರಮ್ಮು, ದೀಪಗಳು ಎಲ್ಲ ಒಟ್ಟಿಗೆ ಬಂದು ಬಿದ್ದವು. ಸಭೆಯ ಕಣ್ಣುಗಳೆಲ್ಲ ತೆರೆದವು, ಬಾಸಿಲ್ ಕ್ರಾಬ್‌ಟ್ರೀ ಕೆನ್ನೆಯ ಮೇಲೆ ನೀರಿಳಿಸುತ್ತ ಎದ್ದು ನಿಂತ, ಅವನ ಹಿಂದೆ ಊರುಗೋಲುಗಳೂ ಮೊಣಕಾಲುಗಳೂ ಏಳತೊಡಗಿದವು, ಚಪ್ಪಾಳೆ ಮೊರೆಯಿತು. ಗ್ಯಾರೆತ್ ಬೆಳಕಿಗೆ ಬಂದು ಅದನ್ನು ಬಾಗಿ ತೆಗೆದುಕೊಂಡ. ಆ ಗದ್ದಲದ ಕೆಳಗೆ ಆಬ್ರಿ ಇನ್ನೂ ಬಾಗಿಯೇ ಇದ್ದ. ಅವನದೊಂದು ಪೆಟ್ಟು ಉಳಿದಿತ್ತು. ಬೆರಳುಗಳನ್ನು ಹರಡಿ, ಆಗುವಷ್ಟು ಅಗಲಿಸಿ, ಹದಿನಾಲ್ಕನೆಯದನ್ನು ಒತ್ತಿದ, ಒತ್ತಿ ಹಿಡಿದ. ಏನೂ ಕೇಳಿಸಲಿಲ್ಲ. ಎದ್ದು ನಿಂತವರ ಬೆನ್ನುಗಳ ಸಂದಿಯಲ್ಲಿ, ಇನ್ನೂ ಕೂತೇ ಇದ್ದ ಎಡ್ನಾ, ಅವನು ಕೈ ತೆಗೆಯುವವರೆಗೆ ಕಾದು, ಆಮೇಲೆ ತಲೆ ತಗ್ಗಿಸಿ ಹೆಣಿಗೆ ಮುಂದುವರಿಸಿದಳು.